ಪೌರತ್ವದ ಪ್ರಮಾಣಕ್ಕೆ ಮುನ್ನ ಪಹಣಿಯ ಮಾತು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಮದುವೆ ಮನೆಗಳಲ್ಲಿ ಕಂದಾಯ ಆಡಳಿತದಿಂದ ನಿವೃತ್ತನಾದವನೊಬ್ಬ ಊಟದ ಪಂಕ್ತಿಯಲ್ಲಿ ಸಿಕ್ಕರೆ ಜನ ಸುಮ್ಮನೆ ಬಿಡುವುದಿಲ್ಲ. ಹಿಂದೆಲ್ಲ ಕೇಳುತ್ತಿದ್ದುದು ದರಖಾಸ್ತು, ಪೋಡಿ, ಸರ್ವೆ ತಕರಾರುಗಳ ಬಗ್ಗೆ. ಈಚಿನ ವರ್ಷಗಳಲ್ಲಿ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ‘ಹುಡುಗ ಅಮೆರಿಕದಲ್ಲಿ ಸಿಟಿಜನ್‌ಷಿಪ್ ತಗೋತಾನಂತೆ. ಇಲ್ಲಿ ಅವನ ಭಾಗದ ಜಮೀನಿಗೆ ಏನಾದರೂ ತೊಂದರೆ ಆಗುತ್ತದಾ ಸಾರ್?’

ಪ್ರಶ್ನೆ ಸರಳವಾಗಿ ಕಾಣುತ್ತದೆ. ಉತ್ತರ ಮಾತ್ರ ಮೂರು ಕಡೆ ಹಂಚಿಹೋಗಿದೆ. ಒಂದಿಷ್ಟು ಆ ದೇಶದ ವಲಸೆ ಕಾನೂನಿನಲ್ಲಿ, ಒಂದಿಷ್ಟು ನಮ್ಮ 1955ರ ಪೌರತ್ವ ಕಾಯ್ದೆಯಲ್ಲಿ, ಉಳಿದದ್ದು ವಿದೇಶಿ ವಿನಿಮಯ ನಿಯಮಗಳಲ್ಲಿ. ಈ ಮೂರನ್ನೂ ಒಟ್ಟಿಗೆ ಓದಿ ಹೇಳುವವರು ತಾಲ್ಲೂಕು ಮಟ್ಟದಲ್ಲಿ ಯಾರೂ ಇಲ್ಲ. ಆದ್ದರಿಂದ ‘ಪ್ರಜೆಯಾದರೆ ಆಸ್ತಿ ಸರ್ಕಾರಕ್ಕೆ ಹೋಗುತ್ತದೆ’ ಎಂದು ಹೆದರಿಸುವವರೂ, ‘ಏನೂ ಆಗುವುದಿಲ್ಲ, ಒಸಿಐ ಕಾರ್ಡು ಸಿಕ್ಕರೆ ಎರಡೂ ದೇಶದ ಪ್ರಜೆ’ ಎಂದು ಧೈರ್ಯ ತುಂಬುವವರೂ ಸಮಪ್ರಮಾಣದಲ್ಲಿ ಸಿಗುತ್ತಾರೆ. ಇಬ್ಬರ ಮಾತೂ ತಪ್ಪು.

ಮೊದಲಿಗೆ ಅಲ್ಲಿನ ಅರ್ಹತೆಯ ಲೆಕ್ಕ ನೋಡೋಣ. ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕುವವನಿಗೆ 18 ವರ್ಷ ತುಂಬಿರಬೇಕು. ಕಾಯಂ ನಿವಾಸದ ಹಕ್ಕು, ಅಂದರೆ ಗ್ರೀನ್ ಕಾರ್ಡ್, ಪಡೆದು ಐದು ವರ್ಷ ಆಗಿರಬೇಕು. ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಜೊತೆಯಲ್ಲಿ ಬಾಳುತ್ತಿರುವವರಿಗೆ ಮೂರು ವರ್ಷ ಸಾಕು. ಐದು ವರ್ಷಗಳಲ್ಲಿ ಕನಿಷ್ಠ 30 ತಿಂಗಳು ಆ ನೆಲದ ಮೇಲೆ ಕಾಲೂರಿರಬೇಕು. ಒಮ್ಮೆಗೆ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವಾಸದ ನಿರಂತರತೆ ಮುರಿಯಿತೆಂಬ ಅನುಮಾನಕ್ಕೆ ಎಡೆಯಾಗುತ್ತದೆ. ವರ್ಷ ಕಳೆದರೆ ಸಾಮಾನ್ಯವಾಗಿ ಮುರಿದಂತೆಯೇ. ಇಂಗ್ಲಿಷ್ ಓದಲು, ಬರೆಯಲು, ಮಾತನಾಡಲು ಬರಬೇಕು. ಆ ದೇಶದ ಇತಿಹಾಸ ಮತ್ತು ಸರ್ಕಾರದ ಬಗ್ಗೆ ಮೌಖಿಕ ಪರೀಕ್ಷೆಯಿದೆ. ಬಹಳ ವರ್ಷ 100 ಪ್ರಶ್ನೆಗಳ ಪಟ್ಟಿಯಿಂದ ಹತ್ತು ಕೇಳಿ ಆರು ಸರಿ ಉತ್ತರ ಬಂದರೆ ಸಾಕೆನ್ನುತ್ತಿದ್ದರು. 2025ರ ಅಕ್ಟೋಬರ್ 20ರಿಂದ ಸಲ್ಲಿಸಿದ ಅರ್ಜಿಗಳಿಗೆ ಪಟ್ಟಿ 128ಕ್ಕೆ ಏರಿದೆ. ಇಪ್ಪತ್ತು ಪ್ರಶ್ನೆಗೆ ಹನ್ನೆರಡು ಸರಿ ಉತ್ತರ ಬೇಕು.

ಭಾಷಾ ಪರೀಕ್ಷೆಯ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ನಾನು ಅಂಜುವುದಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗಡಿ ದಾಟಿದರೆ ತಮಿಳು ಎಂದು ಬೆಳೆದವರು ನಾವು. ಮನೆಮಾತು ತಮಿಳಾಗಿದ್ದ ಮಾಸ್ತಿಯವರು ಕನ್ನಡದ ಆಸ್ತಿಯಾದದ್ದು ಈ ಮಾಲೂರು ಸೀಮೆಯಿಂದಲೇ. ತೊಡಕಿರುವುದು ‘ಸನ್ನಡತೆ’ ಎಂಬ ಇನ್ನೊಂದು ಅರ್ಹತೆಯಲ್ಲಿ. ತೆರಿಗೆ ಬಾಕಿ, ಕುಡಿದು ವಾಹನ ಓಡಿಸಿದ ಪ್ರಕರಣ, ಅರ್ಜಿಯಲ್ಲಿ ಹೇಳಿದ ಸುಳ್ಳು, ಎಲ್ಲವೂ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಮತದಾರರ ಗುರುತಿನ ಚೀಟಿಯೇ ಮರ್ಯಾದೆಯ ಗುರುತಾಗಿರುವ ಊರಿನಿಂದ ಹೋದ ಹುಡುಗನೊಬ್ಬ ಗ್ರೀನ್ ಕಾರ್ಡ್ ಬಂದ ಉತ್ಸಾಹದಲ್ಲಿ ಅಲ್ಲಿಯ ಮತದಾರರ ಪಟ್ಟಿಗೆ ಹೆಸರು ಬರೆಸಿ ಮತ ಹಾಕಿಬಿಟ್ಟರೆ, ಪೌರತ್ವದ ಮಾತಿರಲಿ, ಗಡೀಪಾರಿನ ನೋಟಿಸೇ ಬರಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಐದು ವರ್ಷದ ಲೆಕ್ಕ ನಮ್ಮವರ ಪಾಲಿಗೆ ಅರ್ಧಸತ್ಯ. ಗಡಿಯಾರ ನಡೆಯಲು ಶುರುವಾಗುವುದು ಗ್ರೀನ್ ಕಾರ್ಡ್ ಕೈಗೆ ಬಂದ ದಿನದಿಂದ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡುಗಳು ಲಭ್ಯವಿದ್ದು, ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚು ಸಿಗದು. ಭಾರತದಷ್ಟು ದೊಡ್ಡ ದೇಶಕ್ಕೂ ಅಷ್ಟೇ, ಐಸ್‌ಲೆಂಡಿಗೂ ಅಷ್ಟೇ. ಇಲ್ಲಿ ಗಮನಿಸಬೇಕಾದದ್ದು ‘ಹುಟ್ಟಿದ’ ಎಂಬ ಪದವನ್ನು. ಮಾಲೂರಿನಲ್ಲಿ ಹುಟ್ಟಿದವನು ಕೆನಡಾದ ಪ್ರಜೆಯಾಗಿ ಅಲ್ಲಿಂದ ಅಮೆರಿಕಕ್ಕೆ ಹೋದರೂ ನಿಲ್ಲಬೇಕಾದದ್ದು ಭಾರತದ ಸಾಲಿನಲ್ಲೇ. ಆ ಸಾಲಿನಲ್ಲಿ ಹತ್ತು ವರ್ಷಕ್ಕೂ ಮೀರಿ ಕಾಯುತ್ತಿರುವವರಿದ್ದಾರೆ. ಚಿಕ್ಕಂದಿನಲ್ಲಿ ತಂದೆತಾಯಿಯ ಜೊತೆ ಹೋದ ಮಕ್ಕಳಿಗೆ ಈ ನಡುವೆ 21 ತುಂಬಿದರೆ ಅವರು ಅವಲಂಬಿತರ ಪಟ್ಟಿಯಿಂದ ಹೊರಬೀಳುವ ಸಂಭವವೂ ಇದೆ.

ಇತರ ದೇಶಗಳ ಲೆಕ್ಕ ಇಷ್ಟು ಬಿಗಿಯಲ್ಲ. ಕೆನಡಾದಲ್ಲಿ ಅರ್ಜಿಗೆ ಹಿಂದಿನ ಐದು ವರ್ಷಗಳಲ್ಲಿ 1,095 ದಿನ ವಾಸವಿರಬೇಕು. ಆಸ್ಟ್ರೇಲಿಯಾದಲ್ಲಿ ನಾಲ್ಕು ವರ್ಷದ ಕಾನೂನುಬದ್ಧ ವಾಸ, ಅದರಲ್ಲಿ ಕೊನೆಯ ಒಂದು ವರ್ಷ ಕಾಯಂ ನಿವಾಸಿಯಾಗಿ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಐದು ವರ್ಷ ವಾಸ, ಅರ್ಜಿಗೆ ಮುಂಚಿನ ಒಂದು ವರ್ಷ ಕಾಯಂ ನೆಲೆಯ ಹಕ್ಕು, ಜೊತೆಗೆ 24 ಪ್ರಶ್ನೆಗಳ ಪರೀಕ್ಷೆ. ಕೊಲ್ಲಿ ರಾಷ್ಟ್ರಗಳಲ್ಲಾದರೋ ಎಷ್ಟು ವರ್ಷ ದುಡಿದರೂ ಸಾಮಾನ್ಯ ನೌಕರನಿಗೆ ಪೌರತ್ವದ ದಾರಿಯೇ ಇಲ್ಲವೆನ್ನಬೇಕು.

ಅರ್ಹತೆಯನ್ನು ದಿನಗಳಲ್ಲಿ ಅಳೆಯುವ ಈ ಪದ್ಧತಿ ಬಂದದ್ದು ಈಚೆಗೆ. ಅದಕ್ಕೂ ಮೊದಲು ಮೈಬಣ್ಣವೇ ಅಳತೆಗೋಲಾಗಿತ್ತು. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನ ಸಿಖ್ಖರು ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದರೂ, ಕಾನೂನಿನ ಅರ್ಥದಲ್ಲಿ ಅವರು ‘ಬಿಳಿಯ’ರಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 1923ರಲ್ಲಿ ತೀರ್ಪಿತ್ತಿತು. ಅದಾಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರು ಅದನ್ನು ಕಳೆದುಕೊಂಡರು. ಭಾರತೀಯರಿಗೆ ಆ ಹಕ್ಕು ಸಿಕ್ಕಿದ್ದು 1946ರ ಕಾನೂನಿನಿಂದ. ಅದೂ ವಲಸೆಗೆ ವರ್ಷಕ್ಕೆ ನೂರು ಜನರ ಮಿತಿಯೊಂದಿಗೆ! ಬಾಗಿಲು ನಿಜಕ್ಕೂ ತೆರೆದದ್ದು 1965ರಲ್ಲಿ.

ನಮ್ಮ ಜಿಲ್ಲೆಯೇ ಇದಕ್ಕೆ ಸಾಕ್ಷಿಯಾಗಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಜಾನ್ ಟೇಲರ್ ಕಂಪನಿಯ ಕಾಲದಿಂದ ನೆಲೆಸಿದ್ದ ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಬಹಳಷ್ಟು 1947ರ ನಂತರ, ಮತ್ತೆ 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದ ಮೇಲೆ, ಬ್ರಿಟನ್ನಿಗೂ ಆಸ್ಟ್ರೇಲಿಯಾಕ್ಕೂ ಹೊರಟವು. ಇಂದಿನ ಐ.ಟಿ. ಹುಡುಗರಿಗಿಂತ ಬಹಳ ಹಿಂದೆಯೇ ಹೊರದೇಶದ ಅರ್ಹತಾ ಪತ್ರಗಳನ್ನು ತುಂಬಿದವರು ಅವರು. ಆಸ್ಟ್ರೇಲಿಯಾ 1973ರಲ್ಲಿ ಕೈಬಿಡುವವರೆಗೂ ಜನಾಂಗದ ಲೆಕ್ಕ ನೋಡುತ್ತಿತ್ತು. ಯುರೋಪಿನ ರಕ್ತ ಎಷ್ಟು ಪಾಲು ಎಂಬುದನ್ನು ಅರ್ಜಿದಾರ ತೋರಿಸಬೇಕಿತ್ತು. ಬ್ರಿಟನ್ನಿನ 1971ರ ವಲಸೆ ಕಾಯ್ದೆ ತಂದೆ, ತಾಯಿ ಅಥವಾ ಅಜ್ಜ, ಅಜ್ಜಿ ಅಲ್ಲಿ ಹುಟ್ಟಿದವರೇ ಎಂದು ಕೇಳಿತು. ಇಂಥ ಪ್ರಶ್ನೆಗಳಿಗೆ ಉತ್ತರ ಕೊಡಲು ಆ ಸಮುದಾಯಕ್ಕೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳು ಆಸರೆಯಾದವು. ಗಣಿಯಿಂದ ಹತ್ತಿಪ್ಪತ್ತು ಮೈಲಿ ದೂರದ ಹಳ್ಳಿಯಲ್ಲಿ ಅದೇ ವರ್ಷ ಹುಟ್ಟಿದ ರೈತನ ಮಗನಿಗೆ ಅಂಥ ಪುಸ್ತಕವಿರಲಿಲ್ಲ.

ದಾಖಲೆ ಇಲ್ಲದ್ದಕ್ಕೇ ದೇಶ ಕಳೆದುಕೊಂಡವರ ಉದಾಹರಣೆಯೂ ನಮ್ಮ ರಾಜ್ಯದಲ್ಲಿದೆ. ಸ್ವತಂತ್ರ ಸಿಲೋನ್ 1948 ಮತ್ತು 1949ರಲ್ಲಿ ಮಾಡಿದ ಪೌರತ್ವ ಕಾನೂನುಗಳು ಚಹಾ ತೋಟಗಳ ತಮಿಳು ಕಾರ್ಮಿಕರಿಂದ ನಿರಂತರ ವಾಸದ ಪುರಾವೆ ಕೇಳಿದವು. ತಲೆಮಾರುಗಳಿಂದ ಅಲ್ಲೇ ಇದ್ದವರ ಬಳಿಯೂ ಕಾಗದವಿರಲಿಲ್ಲ; ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾದವು. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದ ಅವರನ್ನು ಎರಡು ದೇಶಗಳ ನಡುವೆ ಲಕ್ಷದ ಲೆಕ್ಕದಲ್ಲಿ ಹಂಚಿತು. ಹಾಗೆ ಬಂದ ಕೆಲವರು ಇಂದಿಗೂ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿದ್ದಾರೆ.

ಕೋಲಾರದ ರೈತನ ಮಗನ ಕಾಗದಗಳ ಕಥೆಗೆ ಬರೋಣ. ಜನನ ಮರಣ ನೋಂದಣಿ ಕಾಯ್ದೆ 1969ರದು. ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1970ರ ಏಪ್ರಿಲ್ 1ರಿಂದ. ಅದಕ್ಕಿಂತ ಮೊದಲು ಹುಟ್ಟಿದವರಿಗೆ ಜನನ ಪತ್ರ ಸಿಗದಿರಬಹುದು ಎಂಬುದನ್ನು ಅಮೆರಿಕದ ವಿದೇಶಾಂಗ ಇಲಾಖೆಯೂ ಒಪ್ಪಿಕೊಂಡಿದೆ. ಆದರೆ ಕಾಯ್ದೆ ಬಂದ ಮಾತ್ರಕ್ಕೆ ಹಳ್ಳಿಯಲ್ಲಿ ನೋಂದಣಿ ನಡೆಯಿತೆಂದಲ್ಲ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಹೆರಿಗೆಯಾಗುತ್ತಿದ್ದುದು ಮನೆಯಲ್ಲಿ. ಗ್ರಾಮ ಲೆಕ್ಕಿಗರ ಪುಸ್ತಕಕ್ಕೆ ಅದನ್ನು ಬರೆಸುವುದು ಯಾರ ತುರ್ತೂ ಆಗಿರಲಿಲ್ಲ. ಬರೆಸಿದ ಕಡೆಯೂ ಮಗುವಿಗೆ ಇನ್ನೂ ಹೆಸರಿಟ್ಟಿರುತ್ತಿರಲಿಲ್ಲವಾದ್ದರಿಂದ ‘ಗಂಡು’ ಅಥವಾ ‘ಹೆಣ್ಣು’ ಎಂದಷ್ಟೇ ದಾಖಲು. ಮುಂದೆ ಶಾಲೆಗೆ ಸೇರಿಸುವಾಗ ಮೇಷ್ಟರು ಆರು ವರ್ಷ ಹಿಂದಕ್ಕೆ ಎಣಿಸಿ ಜೂನ್ ತಿಂಗಳ ಒಂದು ತಾರೀಖು ಬರೆದರು. ಒಂದು ತಲೆಮಾರಿನ ಅರ್ಧ ಜಿಲ್ಲೆ ಜೂನ್ ತಿಂಗಳಲ್ಲೇ ಹುಟ್ಟಿತೇನೋ ಎಂಬ ಅನುಮಾನ ಬರುವಷ್ಟು ಈ ಪದ್ಧತಿ ವ್ಯಾಪಕ.

ಹೆಸರಿನ ಫಜೀತಿ ಇನ್ನೊಂದು. ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ಒಂದು ಹೆಸರು, ಇದು ನಮ್ಮ ಕ್ರಮ. ಮನೆತನದ ಹೆಸರೆಂಬುದು ಇಲ್ಲಿ ಅನೇಕರಿಗಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಮನೆತನದ ಹೆಸರಾಗಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್.ಎನ್.ಯು.’ ಎಂಬ ಮೂರಕ್ಷರ ಕೂರುತ್ತದೆ. ‘ಮೊದಲ ಹೆಸರು ತಿಳಿಯದು’ ಎಂಬುದು ಅದರ ಅರ್ಥ. ಅಪ್ಪ ಅಮ್ಮ ಅಕ್ಕರೆಯಿಂದ ಇಟ್ಟ ಹೆಸರು ಇದ್ದೂ ತಿಳಿಯದವನೆನಿಸಿಕೊಂಡು, ಶಾಲೆಯ ಪತ್ರದಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಹೆಸರಿನಿಂದ ಬದುಕುವವನು ಪೌರತ್ವದ ಸಂದರ್ಶನಕ್ಕೆ ಹೋಗುವಾಗ ಇಷ್ಟೂ ಹೆಸರು ಒಬ್ಬನದೇ ಎಂದು ಸಾಧಿಸಬೇಕಾಗುತ್ತದೆ. ಅದಕ್ಕೆ ಬೇಕಾದ ಪ್ರಮಾಣಪತ್ರಗಳಿಗೆ ಅಲೆಯುವವರು ಇಲ್ಲಿ ಉಳಿದ ತಂದೆ ಅಥವಾ ತಮ್ಮ.

ಇದೇ ದಾಖಲೆಗಳ ಎರಡನೆಯ ಸುತ್ತು ಶುರುವಾಗುವುದು ಹುಡುಗ ಪ್ರಜೆಯಾದ ಮೇಲೆ. ಗ್ರೀನ್ ಕಾರ್ಡ್ ಇರುವವನು ತಂದೆತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳಲಾರ; 21 ತುಂಬಿದ ಪ್ರಜೆ ಕರೆಸಿಕೊಳ್ಳಬಲ್ಲ, ಅದಕ್ಕೆ ಸಂಖ್ಯೆಯ ಮಿತಿಯೂ ಇಲ್ಲ. ನಮ್ಮ ಕಡೆಯ ಅನೇಕ ಹುಡುಗರು ಪೌರತ್ವಕ್ಕೆ ಮನಸ್ಸು ಮಾಡುವುದಕ್ಕೆ ಇದೇ ಮುಖ್ಯ ಕಾರಣ ಎಂಬುದು ನನ್ನ ಅಂದಾಜು. ದೇಶದ್ರೋಹ, ಡಾಲರ್ ವ್ಯಾಮೋಹ ಎಂದೆಲ್ಲ ಊರಲ್ಲಿ ಮಾತನಾಡುವವರು ಇದನ್ನು ನೆನೆಯಬೇಕು. ಆದರೆ ತಂದೆಯನ್ನು ಕರೆಸಬೇಕಾದರೆ ಮಗನ ಜನನ ಪತ್ರದ ಜೊತೆಗೆ ತಂದೆತಾಯಿಯ ವಿವಾಹ ನೋಂದಣಿ ಪತ್ರವನ್ನೂ ಕೇಳುತ್ತಾರೆ. ಮೊಮ್ಮಕ್ಕಳನ್ನು ಕಂಡ ದಂಪತಿಗಳು, ನಲವತ್ತು ವರ್ಷದ ಹಿಂದೆ ಚಪ್ಪರದಡಿ ಆದ ಮದುವೆಯನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಸಾಕ್ಷಿಗಳೊಂದಿಗೆ ನೋಂದಾಯಿಸಿಕೊಳ್ಳುವ ದೃಶ್ಯ ಈಗ ಅಪರೂಪವಲ್ಲ.

ಅಲ್ಲಿಗೆ ಹೋದ ಮೇಲೆ ಹಿರಿಯರ ಸಂಕಟ ಬೇರೆ. ಶ್ರೀನಿವಾಸಪುರದಲ್ಲಿ ಮಾವಿನ ತೋಟವಿರುವ ರೈತನಿಗೆ ಹೂವು ಬಿಡುವ ಕಾಲಕ್ಕೂ ಕಾಯಿ ಕೀಳುವ ಕಾಲಕ್ಕೂ ಊರಲ್ಲಿರಬೇಕು. ಗ್ರೀನ್ ಕಾರ್ಡ್ ಹೇಳುವುದು ನಿನ್ನ ಮನೆ ಇನ್ನು ಇಲ್ಲಿ ಎಂದು. ಎರಡು ಕಡೆಗೂ ಓಡಾಡಿ ಕೊನೆಗೆ ಕಾರ್ಡನ್ನೇ ಹಿಂದಿರುಗಿಸಿದವರನ್ನು ಬಲ್ಲೆ. ಉಳಿದವರಿಗೆ ಪೌರತ್ವದ ಪರೀಕ್ಷೆಯಲ್ಲಿ ಕೊಂಚ ರಿಯಾಯಿತಿಯಿದೆ: 50 ದಾಟಿ 20 ವರ್ಷ ಅಥವಾ 55 ದಾಟಿ 15 ವರ್ಷ ಕಾಯಂ ನಿವಾಸಿಯಾಗಿದ್ದವರು ಇಂಗ್ಲಿಷ್ ಪರೀಕ್ಷೆ ಬರೆಯಬೇಕಿಲ್ಲ, ಇತಿಹಾಸದ ಪ್ರಶ್ನೆಗಳಿಗೆ ದುಭಾಷಿಯ ನೆರವಿನಿಂದ ತಮ್ಮ ಭಾಷೆಯಲ್ಲೇ ಉತ್ತರಿಸಬಹುದು. ಅರವತ್ತೈದಕ್ಕೆ ಹೋದ ತಾಯಿಗೆ ಈ ರಿಯಾಯಿತಿ ದೊರೆಯುವುದು ಎಂಬತ್ತಕ್ಕೆ.

ಇನ್ನು ನಮ್ಮ ಕಾನೂನು. ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ, ಭಾರತದ ಪ್ರಜೆಯೊಬ್ಬ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ ಭಾರತದ ಪೌರತ್ವ ತಾನಾಗಿಯೇ ಕೊನೆಗೊಳ್ಳುತ್ತದೆ. ಯಾರೂ ಆದೇಶ ಹೊರಡಿಸಬೇಕಿಲ್ಲ, ಅಲ್ಲಿ ಪ್ರಮಾಣ ಸ್ವೀಕರಿಸಿದ ಕ್ಷಣವೇ ಸಾಕು. ಸಂಸತ್ತಿಗೆ ಸರ್ಕಾರ ಕೊಟ್ಟ ಲೆಕ್ಕದಂತೆ 2022ರಲ್ಲಿ 2,25,620 ಮಂದಿ, 2023ರಲ್ಲಿ 2,16,219 ಮಂದಿ ಹೀಗೆ ಭಾರತದ ಪೌರತ್ವ ತೊರೆದರು. 2005ರ ತಿದ್ದುಪಡಿಯಿಂದ ವಿಸ್ತಾರವಾದ ‘ಸಾಗರೋತ್ತರ ಭಾರತೀಯ ಪೌರ’ ವ್ಯವಸ್ಥೆ, ಅಂದರೆ ಒಸಿಐ, ಹೆಸರಿನಲ್ಲಿ ಮಾತ್ರ ಪೌರತ್ವ. ಅದು ವಾಸ್ತವವಾಗಿ ಆಜೀವ ವೀಸಾ. ಅದಿದ್ದವರಿಗೆ ಮತವಿಲ್ಲ, ಚುನಾವಣೆಗೆ ನಿಲ್ಲುವ ಹಕ್ಕಿಲ್ಲ, ಸಾಮಾನ್ಯವಾಗಿ ಸರ್ಕಾರಿ ನೌಕರಿಯಿಲ್ಲ. ಕೃಷಿ ಜಮೀನು, ತೋಟದ ಜಮೀನು, ಫಾರ್ಮ್‌ಹೌಸು ಕೊಳ್ಳುವಂತಿಲ್ಲ.

ಈ ಕೊನೆಯ ನಿರ್ಬಂಧವನ್ನೇ ನಮ್ಮವರು ತಪ್ಪಾಗಿ ತಿಳಿದಿರುವುದು. ಕರ್ನಾಟಕ ಸರ್ಕಾರ 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದೆಂದಿತು. ಬೆಂಗಳೂರಿಗೆ ಅಂಟಿಕೊಂಡ ಮಾಲೂರಿನಲ್ಲಿ, ಕೈಗಾರಿಕೆಗಳು ಬಂದ ನರಸಾಪುರ, ವೇಮಗಲ್ ಕಡೆಗಳಲ್ಲಿ ‘ಈಗ ಯಾರು ಬೇಕಾದರೂ ಕೊಳ್ಳಬಹುದು’ ಎಂಬ ಮಾತು ಹಬ್ಬಿತು. ರಾಜ್ಯದ ಕಾನೂನು ಸಡಿಲವಾದರೂ ಕೇಂದ್ರದ ವಿದೇಶಿ ವಿನಿಮಯ ನಿಯಮಗಳು ಹಾಗೆಯೇ ಇವೆ. ಆ ನಿಯಮಗಳ ದೃಷ್ಟಿಯಲ್ಲಿ ಪ್ರಶ್ನೆ ಪೌರತ್ವದ್ದಷ್ಟೇ ಅಲ್ಲ. ಭಾರತದ ಪ್ರಜೆಯಾಗಿಯೇ ಉಳಿದು ಹೊರದೇಶದಲ್ಲಿ ನೆಲೆಸಿರುವ ಅನಿವಾಸಿಯೂ ಕೃಷಿ ಜಮೀನು ಕೊಳ್ಳುವಂತಿಲ್ಲ. ಹಾಗಾಗಿ ‘ಸಿಟಿಜನ್‌ಷಿಪ್ ತೆಗೆದುಕೊಳ್ಳುವ ಮೊದಲೇ ನಾಲ್ಕು ಎಕರೆ ಮಾಡಿಬಿಡೋಣ’ ಎಂದು ಅಮೆರಿಕದಲ್ಲಿರುವ ಮಗನ ಹೆಸರಿಗೆ ಕ್ರಯಪತ್ರ ಬರೆಸುವವರು ಆಗಲೇ ನಿಯಮ ಮೀರಿರುತ್ತಾರೆ.

ಹಾಗಾದರೆ ಇರುವ ಜಮೀನು? ಅದಕ್ಕೆ ಭಯವಿಲ್ಲ. ಭಾರತದಲ್ಲಿ ನೆಲೆಸಿದ್ದಾಗ ಹೊಂದಿದ್ದ ಜಮೀನನ್ನು ಹೊರಗೆ ಹೋದ ಮೇಲೂ ಇಟ್ಟುಕೊಳ್ಳಬಹುದು. ಇಲ್ಲಿ ನೆಲೆಸಿದ್ದ ತಂದೆ ತೀರಿಕೊಂಡ ಮೇಲೆ ವಾರಸುದಾರನಾಗಿ ಅವನ ಪಾಲು ಬರುತ್ತದೆ, ಅವನು ಯಾವ ದೇಶದ ಪಾಸ್‌ಪೋರ್ಟು ಹಿಡಿದಿರಲಿ. ಮಾರುವುದಾದರೆ ಮಾತ್ರ ಭಾರತದಲ್ಲಿ ನೆಲೆಸಿರುವ ಭಾರತದ ಪ್ರಜೆಗೇ ಮಾರಬೇಕು.

ಇಲ್ಲೊಂದು ವಿಚಿತ್ರವಿದೆ. ತಂದೆ ಬದುಕಿರುವಾಗಲೇ ವಿದೇಶದಲ್ಲಿರುವ ಮಗನಿಗೋ ಮಗಳಿಗೋ ಕೃಷಿ ಜಮೀನನ್ನು ದಾನಪತ್ರದ ಮೂಲಕ ಕೊಡಲು ಇದೇ ನಿಯಮಗಳು ಅವಕಾಶ ಕೊಡುವುದಿಲ್ಲ. ಮನೆ, ನಿವೇಶನಗಳನ್ನು ಕೊಡಬಹುದು; ಹೊಲವನ್ನು ಕೊಡಬೇಕಾದರೆ ರಿಸರ್ವ್ ಬ್ಯಾಂಕಿನ ವಿಶೇಷ ಅನುಮತಿ ಬೇಕು. ತಂದೆ ಸತ್ತರೆ ಯಾವ ಅನುಮತಿಯೂ ಬೇಡ. ಅಂದರೆ ಅದೇ ಜಮೀನು, ಅದೇ ಮಗ, ನಡುವೆ ಬೇಕಾದದ್ದು ಒಂದು ಸಾವು. ವಿದೇಶಿ ಹಣ ಕೃಷಿ ಭೂಮಿಯನ್ನು ನುಂಗದಿರಲಿ ಎಂಬುದು ನಿಯಮದ ಉದ್ದೇಶವಾದರೆ ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ದಾನದಲ್ಲಿ ಹಣವೆಲ್ಲಿ ಬಂತು? ಹಿರಿಯನೊಬ್ಬ ತನ್ನ ಕೈಯಿಂದಲೇ ಮಕ್ಕಳಿಗೆಲ್ಲ ಹಂಚಿ, ಎದುರಿಗೆ ಕೂರಿಸಿ ಸಮಾಧಾನ ಹೇಳುವ ಅವಕಾಶವನ್ನು ಇದು ಕಸಿಯುತ್ತದೆ.

ಇದರ ಫಲ ಕಾಣುವುದು ಪೌತಿ ಖಾತೆಯ ಕಡತಗಳಲ್ಲಿ. ತಂದೆ ತೀರಿಕೊಂಡ ಮೇಲೆ ವಂಶವೃಕ್ಷದಲ್ಲಿ ನಾಲ್ವರು. ಒಬ್ಬ ಡಲ್ಲಾಸಿನಲ್ಲಿ, ಒಬ್ಬಳು ಮೆಲ್ಬರ್ನಿನಲ್ಲಿ, ಇಬ್ಬರು ಊರಲ್ಲಿ. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು, ಅದು ಸರಿಯಾದದ್ದೇ. ಹೊರಗಿರುವವರು ಅಧಿಕಾರ ಪತ್ರ ಕಳಿಸಬೇಕು. ಅದನ್ನು ಭಾರತದ ದೂತಾವಾಸದಲ್ಲೋ ಅಲ್ಲಿನ ನೋಟರಿಯ ಮುಂದೆಯೋ ದೃಢೀಕರಿಸಿ, ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅದರಲ್ಲಿನ ಹೆಸರು ಪಹಣಿಯ ಹೆಸರಿಗೆ ಹೊಂದುವುದಿಲ್ಲ. ಕಡತ ನಿಲ್ಲುತ್ತದೆ. ಸಾವಿರದಿನ್ನೂರು ಅಡಿ ಕೊಳವೆಬಾವಿ ಕೊರೆಸಿ ಜಮೀನು ಉಳಿಸಿಕೊಂಡ ತಮ್ಮನಿಗೆ ತನ್ನ ಹೆಸರಿನ ಖಾತೆಯಿಲ್ಲದೆ ಬೆಳೆ ಸಾಲ ಸಿಗುವುದಿಲ್ಲ. ಡಲ್ಲಾಸಿನ ಅಣ್ಣ ದುರುದ್ದೇಶದವನಲ್ಲದಿದ್ದರೂ, ತಮ್ಮನ ಹೆಂಡತಿಗೆ ಅವನು ಹಾಗೆಯೇ ಕಾಣುತ್ತಾನೆ. ಸಿವಿಲ್ ನ್ಯಾಯಾಲಯದ ಮೆಟ್ಟಿಲಿಗೆ ಇಲ್ಲಿಂದ ದೂರವಿಲ್ಲ.

ದ್ವಿಪೌರತ್ವ ಕೊಟ್ಟರೆ ಎಲ್ಲ ಬಗೆಹರಿಯುತ್ತದೆ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಂದು ದೇಶದ ಆಯವ್ಯಯದ ಬಿಸಿ ತಟ್ಟದವನು ಆ ದೇಶದ ಸರ್ಕಾರವನ್ನು ಆರಿಸುವುದು ನ್ಯಾಯವಲ್ಲ. ಕೇಂದ್ರ ಸರ್ಕಾರ ಮಾಡಬೇಕಾದದ್ದು ಅದಕ್ಕಿಂತ ಬಹಳ ಚಿಕ್ಕದು: ವಾರಸಿನಿಂದ ಬರಬಹುದಾದ ಕೃಷಿ ಜಮೀನನ್ನು ತಂದೆತಾಯಿ ತಮ್ಮ ಜೀವಿತ ಕಾಲದಲ್ಲೇ ಮಕ್ಕಳಿಗೆ ದಾನವಾಗಿ ಕೊಡಲು ವಿನಾಯಿತಿ ನೀಡುವುದು, ಪರಭಾರೆಗೆ ಈಗಿರುವ ಷರತ್ತನ್ನೇ ಉಳಿಸಿಕೊಂಡು.

ರಾಜ್ಯದ ಪಾಲಿನ ಕೆಲಸ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿದೆ. ವರ್ಷ ಮೀರಿದ ಜನನ ನೋಂದಣಿಗೆ ಹಿಂದೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ವರ್ಗಾಯಿಸಿದೆ. ವಕೀಲರಿಲ್ಲದೆ ಮುಗಿಯಬಹುದಾದ ಕೆಲಸವಿದು. ಅದೇ ಕಾಯ್ದೆಯ ಪ್ರಕಾರ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಜನನ ಪತ್ರವೇ ಎಲ್ಲಕ್ಕೂ ಆಧಾರ. ಹಳೆಯ ತಲೆಮಾರಿಗಾಗಿ, ಗೆದ್ದಲಿಗೆ ಬಲಿಯಾಗುತ್ತಿರುವ ಜನನ ಪುಸ್ತಕಗಳನ್ನು ಪಹಣಿಗಳಂತೆಯೇ ಗಣಕೀಕರಿಸಬೇಕು. ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರವನ್ನು ಒಂದೇ ನಮೂನೆಯಲ್ಲಿ, ನಿಗದಿತ ದಿನದೊಳಗೆ, ಇಂಗ್ಲಿಷಿನಲ್ಲೂ ಕೊಡುವ ವ್ಯವಸ್ಥೆಯಾಗಬೇಕು. ‘ಭೂಮಿ’ ಯೋಜನೆಯಲ್ಲಿ ಕೋಟ್ಯಂತರ ಪಹಣಿಗಳನ್ನು ಗಣಕಕ್ಕೆ ಏರಿಸಿದ ರಾಜ್ಯಕ್ಕೆ ಇದು ಅಸಾಧ್ಯವಲ್ಲ. ಇದರ ಪ್ರಯೋಜನ ಅಮೆರಿಕಕ್ಕೆ ಹೋದವರಿಗಷ್ಟೇ ಎಂದು ತಿಳಿಯಬೇಕಿಲ್ಲ. ವೃದ್ಧಾಪ್ಯ ವೇತನಕ್ಕೆ ವಯಸ್ಸಿನ ಪುರಾವೆಯಿಲ್ಲದೆ ಅಲೆಯುವ ಮುಳಬಾಗಿಲಿನ ಅಜ್ಜಿಗೆ ಬೇಕಾದದ್ದೂ ಅದೇ ಪುಸ್ತಕದ ಅದೇ ಹಾಳೆ.

ಮದುವೆ ಮನೆಯಲ್ಲಿ ಕೇಳುವವರಿಗೆ ನಾನು ಕೊಡುವ ಉತ್ತರ ಇಷ್ಟು. ಹುಡುಗ ಪ್ರಮಾಣ ಸ್ವೀಕರಿಸುವ ಮೊದಲು ಒಮ್ಮೆ ಊರಿಗೆ ಬರಲಿ. ಅಜ್ಜನ ಹೆಸರಿನಲ್ಲೇ ಉಳಿದಿರುವ ಖಾತೆಯನ್ನು ತಂದೆಯ ಹೆಸರಿಗೆ ಮಾಡಿಸಿಕೊಳ್ಳಿ. ಪಹಣಿ, ಆಧಾರ್, ಪಾಸ್‌ಪೋರ್ಟುಗಳಲ್ಲಿನ ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ತಂದೆ ಉಯಿಲು ಬರೆಯುವುದಿದ್ದರೆ ಎಲ್ಲ ಮಕ್ಕಳಿಗೂ ತಿಳಿಸಿ ನೋಂದಾಯಿಸಲಿ. ಪಿತ್ರಾರ್ಜಿತ ಜಮೀನಿನಲ್ಲಿ ಉಯಿಲು ಚಲಿಸುವುದು ಅವರ ಸ್ವಂತ ಪಾಲಿಗೆ ಮಾತ್ರ ಎಂಬುದು ನೆನಪಿರಲಿ. ವಿದೇಶಕ್ಕೆ ಹೋದವನು ತನ್ನ ಪಾಲು ಬೇಡವೆನ್ನುವುದಾದರೆ ಆ ಮಾತನ್ನು ಫೋನಿನಲ್ಲಿ ಹೇಳಿ ಬಿಡುವುದು ಬೇಡ. ಹಕ್ಕು ಖುಲಾಸೆ ಪತ್ರವನ್ನು ಉಪನೋಂದಣಾಧಿಕಾರಿಯ ಮುಂದೆ ಬರೆದುಕೊಟ್ಟು ಹೋಗಲಿ.